ಬ್ಯಾಚ್ ಫೈಲಿನಲ್ಲಿ ಆಯ್ಕೆಗಳನ್ನು ಸರಿಯಾಗಿ ಓದಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಬಸವನಗುಡಿಯಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ದಿನದ ಕೊನೆಗೆ ಗ್ರಾಹಕರ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಲು ವಿಂಡೋಸ್ ಬ್ಯಾಚ್ ಫೈಲ್ (ಆದೇಶಗಳನ್ನು ಸಾಲಾಗಿ ಬರೆದಿಟ್ಟು ಓಡಿಸುವ ಕಡತ) ಒಂದನ್ನು ಬರೆದಿದ್ದೇನೆ. ಒಳಗೆ ವಿಂಡೋಸಿನ ನಕಲು ಆದೇಶವಾದ ರೋಬೊಕಾಪಿ ಬಳಸಿದ್ದೇನೆ. ಮೊದಲು ಮೂಲ, ಆಮೇಲೆ ಗುರಿ, ಆಮೇಲೆ ತಿಂಗಳು ಎಂಬ ಕ್ರಮದಲ್ಲಿ ಕೊಡಬೇಕಿತ್ತು. ಸಹೋದ್ಯೋಗಿಗಳು ಕ್ರಮ ತಪ್ಪಿಸುತ್ತಿದ್ದುದರಿಂದ --ಮೂಲ, --ಗುರಿ, --ತಿಂಗಳು, --ಅಳಿಸು ಎಂಬ ಆಯ್ಕೆಗಳನ್ನು ಮಾಡಿ, ಪಟ್ಟಿಯ ಪದಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಫಾರ್ ಲೂಪಿನಲ್ಲಿ ಓದಿಸಲು ಯತ್ನಿಸಿದೆ. ಈಗ ನಾಲ್ಕು ತೊಂದರೆಗಳು. ಫೋಲ್ಡರಿನ ಹೆಸರಿನಲ್ಲಿ & ಇದ್ದರೆ, ಅದರ ಮುಂದಿನ ಭಾಗವನ್ನು ಯಾವುದೋ ಆದೇಶವೆಂದು ತಿಳಿದು ‘ಗುರುತಿಸಲಾಗಲಿಲ್ಲ’ ಎನ್ನುತ್ತದೆ. ಜುಲೈವರೆಗೆ ಸರಿಯಿದ್ದ ತಿಂಗಳ ಲೆಕ್ಕ ಆಗಸ್ಟಿನಲ್ಲಿ ಕೆಟ್ಟಿತು. --ಅಳಿಸು ಎಂದು ಒಮ್ಮೆ ಕೊಟ್ಟರೆ ಅದೇ ಕಿಟಕಿಯಲ್ಲಿ ಮುಂದಿನ ಸಲ ಕೊಡದಿದ್ದರೂ ಉಳಿದಿರುತ್ತದೆ. /? ಕೊಟ್ಟರೆ ಸಹಾಯದ ಪಠ್ಯ ಬರುವುದೇ ಇಲ್ಲ. ಇದಕ್ಕೆ ಸರಿಯಾದ ವಿಧಾನ ಯಾವುದು?

ಉತ್ತರ: ನಿಮ್ಮ ನಾಲ್ಕು ತೊಂದರೆಗಳಲ್ಲಿ ಮೂರನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವು ಕೆಲಸವನ್ನು ನಿಲ್ಲಿಸುತ್ತವೆ, ಇದೊಂದು ಮಾತ್ರ ಕಡತಗಳನ್ನು ಅಳಿಸುತ್ತದೆ. --ಅಳಿಸು ಬಂದಾಗ ನೀವು ರೋಬೊಕಾಪಿಗೆ /ಮಿರ್ ಕೊಡುತ್ತಿದ್ದೀರಿ ಎಂದು ಊಹಿಸುತ್ತೇನೆ. ಮೂಲದಲ್ಲಿ ಇಲ್ಲದ ಪ್ರತಿಯೊಂದು ಕಡತವನ್ನೂ ಗುರಿಯಿಂದ ತೆಗೆದುಹಾಕುವುದು ಆ ಆಯ್ಕೆಯ ಕೆಲಸ. ಅದು ಕೇಳದೆಯೇ ಉಳಿದುಕೊಂಡಿದ್ದು, ಆ ದಿನ ಯಾರೋ ಮೂಲವಾಗಿ ಖಾಲಿ ಫೋಲ್ಡರೊಂದನ್ನು ಕೊಟ್ಟರೆ, ಬ್ಯಾಕಪ್ ಡಿಸ್ಕಿನಲ್ಲಿರುವ ಆ ಗ್ರಾಹಕರ ವರ್ಷಗಳ ಲೆಕ್ಕ ಕೆಲವೇ ಕ್ಷಣಗಳಲ್ಲಿ ಹೋಗಿಬಿಡುತ್ತದೆ. ಇದನ್ನು ಸುಮ್ಮನೆ ಹೆದರಿಸಲು ಹೇಳುತ್ತಿಲ್ಲ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಮೂಲ ಮತ್ತು ಗುರಿ ಅದಲುಬದಲಾಗಿ, ಹಳೆಯ ಬ್ಯಾಕಪ್ಪಿನ ಪ್ರತಿ ಹೊಸ ಕೆಲಸದ ಮೇಲೆ ಕೂತು, ಎರಡು ದಿನಗಳ ಪುಟವಿನ್ಯಾಸ ಅಳಿದುಹೋದ ಮೇಲೆ ಅವರು ನನ್ನನ್ನು ಕರೆಸಿದ್ದರು. ಆ ಸ್ಕ್ರಿಪ್ಟಿನಲ್ಲಿ ನಕಲು ಮಾಡುವ ಸಾಲು ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅದಕ್ಕೆ ಮುಂಚೆ ಆಯ್ಕೆಗಳನ್ನು ಓದುವ ಭಾಗ. ಆದ್ದರಿಂದ ಆಯ್ಕೆ ಓದುವುದನ್ನು ನಕಲಿನಷ್ಟೇ ಮುಖ್ಯವೆಂದು ಬಗೆದು ಬರೆಯಬೇಕು ಎನ್ನುವುದು ನನ್ನ ನಿಲುವು.

ಆಯ್ಕೆ ಉಳಿದುಕೊಳ್ಳುವುದಕ್ಕೆ ಕಾರಣ ಸರಳ. ಬ್ಯಾಚ್ ಫೈಲಿನಲ್ಲಿ ಸೆಟ್ ಆದೇಶದಿಂದ ಮಾಡಿದ ವೇರಿಯಬಲ್ (ಮೌಲ್ಯವೊಂದಕ್ಕೆ ಇಟ್ಟ ಹೆಸರು) ಆ ಫೈಲಿಗೆ ಸೇರಿದ್ದಲ್ಲ, ಅದು ಓಡುತ್ತಿರುವ ಕಮಾಂಡ್ ಪ್ರಾಂಪ್ಟ್ ಕಿಟಕಿಗೆ ಸೇರಿದ್ದು. ಫೈಲ್ ಮುಗಿದರೂ ಕಿಟಕಿ ತೆರೆದಿರುವಷ್ಟು ಕಾಲ ಬದುಕಿರುತ್ತದೆ. ಫೈಲಿನ ಆರಂಭದಲ್ಲಿ ಸೆಟ್‌ಲೋಕಲ್ ಎಂದು ಬರೆದರೆ, ಅಲ್ಲಿಂದ ಮುಂದೆ ಮಾಡಿದ ಬದಲಾವಣೆಗಳೆಲ್ಲ ಫೈಲ್ ಮುಗಿದಾಗ ತಾವಾಗಿ ಅಳಿಯುತ್ತವೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸೆಟ್‌ಲೋಕಲ್ ಹೊರಹೋಗುವುದನ್ನು ತಡೆಯುತ್ತದೆಯೇ ಹೊರತು ಒಳಬರುವುದನ್ನಲ್ಲ: ಅದೇ ಹೆಸರಿನ ವೇರಿಯಬಲ್ ಕಿಟಕಿಯಲ್ಲಿ ಮೊದಲೇ ಇದ್ದರೆ ನಿಮ್ಮ ಸ್ಕ್ರಿಪ್ಟ್ ಅದನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಆಯ್ಕೆಯ ವೇರಿಯಬಲ್ಲನ್ನೂ ಮೊದಲು ಖಾಲಿ ಮಾಡಿ, ಆಮೇಲೆ ಓದಲು ಶುರುಮಾಡಬೇಕು. ಹೆಸರುಗಳ ಆರಂಭದಲ್ಲಿ ನಿಮ್ಮದೇ ಒಂದು ಗುರುತು (ಕೆಳಗಿನ ಸಾಲುಗಳಲ್ಲಿ ‘ಆ_’) ಇರಲಿ. ‘ಪಾಥ್’ ಎಂದು ಹೆಸರಿಟ್ಟು ಅದರೊಳಗೆ ಫೋಲ್ಡರಿನ ವಿಳಾಸ ತುಂಬಿದವರನ್ನು ಹಲವು ಸಲ ನೋಡಿದ್ದೇನೆ. ವಿಂಡೋಸ್ ತನ್ನ ಆದೇಶಗಳನ್ನು ಹುಡುಕುವ ಜಾಗಗಳ ಪಟ್ಟಿ ಅದೇ ಹೆಸರಿನಲ್ಲಿರುವುದರಿಂದ ಮರುಸಾಲಿನಲ್ಲೇ ರೋಬೊಕಾಪಿ ಸಿಗುತ್ತಿಲ್ಲ ಎಂಬ ದೋಷ ಬರುತ್ತದೆ. ‘ಡೇಟ್’, ‘ಟೈಮ್’, ‘ಎರರ್‌ಲೆವೆಲ್’ ಎಂಬ ಹೆಸರುಗಳನ್ನೂ ಬಿಟ್ಟುಬಿಡಿ.

ಉಳಿದ ಮೂರು ತೊಂದರೆಗಳನ್ನು ತಿಳಿಯಲು ಕಮಾಂಡ್ ಪ್ರಾಂಪ್ಟ್ ಒಂದು ಸಾಲನ್ನು ಹೇಗೆ ಓದುತ್ತದೆ ಎನ್ನುವುದನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು. ಬೇರೆ ಭಾಷೆಗಳಲ್ಲಿ ವೇರಿಯಬಲ್ ಎಂದರೆ ಮೌಲ್ಯವಿರುವ ಡಬ್ಬಿ. ಸಾಲಿನ ಅರ್ಥವೆಲ್ಲ ತೀರ್ಮಾನವಾದ ಮೇಲೆ ಡಬ್ಬಿ ತೆರೆದು ಮೌಲ್ಯವನ್ನು ತೆಗೆಯಲಾಗುತ್ತದೆ. ಬ್ಯಾಚಿನಲ್ಲಿ ಇದು ತಿರುವುಮುರುವು. %1 ಎಂದು ಬರೆದಲ್ಲಿ, ಬಳಕೆದಾರ ಕೊಟ್ಟ ಮೊದಲ ಪದವನ್ನು (%2 ಎಂದರೆ ಎರಡನೆಯದನ್ನು) ಮೊದಲು ಸಾಲಿನೊಳಗೆ ಅಂಟಿಸಲಾಗುತ್ತದೆ; ಅಂಟಿಸಿದ ಮೇಲೆಯೇ ಇದು ಯಾವ ಆದೇಶ, ಎಲ್ಲಿಗೆ ಮುಗಿಯುತ್ತದೆ, & ಎಲ್ಲಿದೆ, ಆವರಣ ಎಲ್ಲಿ ಮುಚ್ಚುತ್ತದೆ ಎಂದು ನೋಡುವುದು. ಹೀಗಾಗಿ ಬಳಕೆದಾರ ಕೊಟ್ಟ & ಮತ್ತು ನೀವು ಬರೆದ & ಇವೆರಡರ ನಡುವೆ ಯಂತ್ರಕ್ಕೆ ಭೇದವಿಲ್ಲ. ಡಬಲ್ ಕೋಟಿನೊಳಗಿದ್ದರೆ & ಬರೀ ಅಕ್ಷರ, ಹೊರಗಿದ್ದರೆ ಎರಡು ಆದೇಶಗಳನ್ನು ಬೇರ್ಪಡಿಸುವ ಗುರುತು. ನಿಮ್ಮ ಮೊದಲ ತೊಂದರೆ ಇದೇ, ಮತ್ತು ಅದು ಬಹುತೇಕ ಆಯ್ಕೆ ಓದುವ ಸಾಲಿನಲ್ಲಿ ಇರಲಾರದು. ‘ಇಂಥ ಫೋಲ್ಡರ್ ನಕಲಾಗುತ್ತಿದೆ’ ಎಂದು ತೆರೆಯ ಮೇಲೆ ಅಥವಾ ದಾಖಲೆ ಕಡತಕ್ಕೆ ಬರೆಯುವ ಎಕೋ ಸಾಲಿನಲ್ಲಿರುತ್ತದೆ. ಅಲ್ಲಿ ಯಾರೂ ಕೋಟ್ ಹಾಕುವುದಿಲ್ಲ. ಹೆಸರಿನ ಮೊದಲರ್ಧ ಅಚ್ಚಾಗಿ, & ಬಂದಲ್ಲಿ ಎಕೋ ಮುಗಿದು, ಎರಡನೆಯರ್ಧ ಹೊಸ ಆದೇಶವಾಗುತ್ತದೆ.

ಎರಡನೆಯ ಸಂಗತಿ, ಕೊಟ್ಟ ಸಾಲನ್ನು ಬ್ಯಾಚ್ ತುಂಡು ಮಾಡುವ ರೀತಿ. ಖಾಲಿ ಜಾಗ ಮತ್ತು ಟ್ಯಾಬ್ ಮಾತ್ರವಲ್ಲ, ಅಲ್ಪವಿರಾಮ, ಅರ್ಧವಿರಾಮ ಮತ್ತು ಸಮ ಚಿಹ್ನೆ ಕೂಡ ಕೋಟಿನ ಹೊರಗಿದ್ದರೆ ತುಂಡು ಮಾಡುತ್ತವೆ. ಆದ್ದರಿಂದ --ತಿಂಗಳು=08 ಎಂದು ಕೊಟ್ಟರೆ %1 ನಲ್ಲಿ --ತಿಂಗಳು, %2 ನಲ್ಲಿ 08 ಎಂದು ಎರಡಾಗಿ ಬರುತ್ತದೆ. ಲಿನಕ್ಸ್ ಬಳಸಿ ರೂಢಿಯಿದ್ದವರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಆದರೆ ನಮ್ಮ ಕೆಲಸಕ್ಕೆ ಇದು ಅನುಕೂಲವೇ: ಆಯ್ಕೆಯ ನಂತರದ ಪದವೇ ಅದರ ಮೌಲ್ಯ ಎಂದು ಓದುವ ಸ್ಕ್ರಿಪ್ಟಿಗೆ --ತಿಂಗಳು 08 ಮತ್ತು --ತಿಂಗಳು=08 ಎರಡೂ ಒಂದೇ ಆಗಿ ಕಾಣುತ್ತವೆ, ನೀವು ಪ್ರತ್ಯೇಕವಾಗಿ ಏನೂ ಬರೆಯಬೇಕಿಲ್ಲ. ಅನನುಕೂಲವೆಂದರೆ ಅಲ್ಪವಿರಾಮವಿರುವ ಫೋಲ್ಡರ್ ಹೆಸರು ಕೋಟಿಲ್ಲದೆ ಬಂದರೆ ಒಡೆಯುತ್ತದೆ. ಫೋಲ್ಡರಿನ ಹೆಸರನ್ನು ಯಾವಾಗಲೂ ಡಬಲ್ ಕೋಟಿನೊಳಗೆ ಕೊಡಬೇಕೆಂದು ಸಹೋದ್ಯೋಗಿಗಳಿಗೆ ಒಂದೇ ನಿಯಮವಾಗಿ ಹೇಳಿಬಿಡಿ. ಯಾವಾಗ ಬೇಕು, ಯಾವಾಗ ಬೇಡ ಎಂದು ವಿವರಿಸಲು ಹೋಗಬೇಡಿ.

ವಿಂಡೋಸಿನಲ್ಲಿ ಆಯ್ಕೆಗೆ ಓರೆಗೆರೆ ಬಳಸುವುದು ವಾಡಿಕೆಯಲ್ಲವೇ ಎಂದು ನೀವು ಕೇಳಬಹುದು. ಹೌದು. 1981ರ ಎಂಎಸ್ ಡಾಸ್ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ, ಓರೆಗೆರೆ ಆಯ್ಕೆಗಳಿಗೆ ಬಳಕೆಯಲ್ಲಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಆ ಗುರುತು ಆಗಲೇ ಖರ್ಚಾಗಿದ್ದರಿಂದ ವಿಳಾಸಕ್ಕೆ ಹಿಂಬದಿಯ ಓರೆಗೆರೆ ಬಂತು. ನಿಮ್ಮ ಎರಡು ಅಡ್ಡಗೆರೆಯ ಆಯ್ಕೆಗಳೂ ಅಷ್ಟೇ ಚೆನ್ನಾಗಿ ನಡೆಯುತ್ತವೆ. ಯಾವುದಾದರೂ ಒಂದಕ್ಕೆ ಅಂಟಿಕೊಂಡರೆ ಸಾಕು.

ಈಗ ನಿಮ್ಮ ಫಾರ್ ಲೂಪ್. %* ಎಂದರೆ ಕೊಟ್ಟ ಎಲ್ಲ ಪದಗಳ ಒಟ್ಟು ಸಾಲು. ಅದನ್ನು ಫಾರ್‌ನ ಆವರಣದೊಳಗಿಟ್ಟು ಒಂದೊಂದೇ ಪದ ತೆಗೆಯುವುದು ನೋಡಲು ಚಂದ. ಆದರೆ ಸಾದಾ ಫಾರ್ ತನಗೆ ಕೊಟ್ಟ ಪಟ್ಟಿಯನ್ನು ಕಡತಗಳ ಪಟ್ಟಿಯೆಂದು ಭಾವಿಸುತ್ತದೆ. ಪದದಲ್ಲಿ * ಅಥವಾ ? ಇದ್ದರೆ ಅದಕ್ಕೆ ಹೊಂದುವ ಕಡತಗಳನ್ನು ಡಿಸ್ಕಿನಲ್ಲಿ ಹುಡುಕುತ್ತದೆ; ಸಿಕ್ಕರೆ ಆ ಪದದ ಜಾಗದಲ್ಲಿ ಕಡತಗಳ ಹೆಸರುಗಳು ಬರುತ್ತವೆ, ಸಿಗದಿದ್ದರೆ ಪದವೇ ಸದ್ದಿಲ್ಲದೆ ಮಾಯವಾಗುತ್ತದೆ. ನಿಮ್ಮ /? ಹೋಗಿರುವುದು ಅಲ್ಲಿಗೆ. ಇದಲ್ಲದೆ ಫಾರ್‌ನಲ್ಲಿ ಒಂದು ಪದದ ಬಳಿ ನಿಂತು ‘ಮುಂದಿನ ಪದ ಯಾವುದು’ ಎಂದು ಕೇಳಲು ನೇರ ದಾರಿಯಿಲ್ಲ, ಮೌಲ್ಯ ಬೇಡುವ ಆಯ್ಕೆಗಳಿಗೆ ಅದೇ ಮುಖ್ಯ. ಆದ್ದರಿಂದ ಫಾರ್ ಬಿಟ್ಟು, ಗೋಟು (ಫೈಲಿನ ಬೇರೊಂದು ಸಾಲಿಗೆ ಜಿಗಿಯುವ ಆದೇಶ) ಮತ್ತು ಶಿಫ್ಟ್ (ಕೊಟ್ಟ ಪದಗಳನ್ನು ಒಂದು ಮನೆ ಸರಿಸುವ ಆದೇಶ) ಜೋಡಿಯನ್ನು ಹಿಡಿಯಿರಿ. ಗೋಟು ಹಳೆಯದು, ಬಳಸಬಾರದು ಎಂದು ಕಾಲೇಜಿನಲ್ಲಿ ಕಲಿತವರಿಗೆ ಹಿಂಜರಿಕೆಯಾಗಬಹುದು. ಬ್ಯಾಚಿನ ಮಟ್ಟಿಗೆ ಅದು ಸರಿಯಾದ ಉಪಕರಣ, ಕಾರಣವನ್ನು ಮುಂದೆ ಹೇಳುತ್ತೇನೆ.

ಕೆಳಗಿನ ಸಾಲುಗಳಲ್ಲಿ ಆದೇಶಗಳ ಮತ್ತು ವೇರಿಯಬಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಚಿಹ್ನೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

@ಎಕೋ ಆಫ್
ಸೆಟ್‌ಲೋಕಲ್ ಡಿಸೇಬಲ್‌ಡಿಲೇಡ್‌ಎಕ್ಸ್‌ಪಾನ್ಷನ್
ಸೆಟ್ "ಆ_ಮೂಲ="
ಸೆಟ್ "ಆ_ಗುರಿ="
ಸೆಟ್ "ಆ_ತಿಂಗಳು="
ಸೆಟ್ "ಆ_ಅಳಿಸು="
:ಓದು
ಇಫ್ [%1]==[] ಗೋಟು :ಪರೀಕ್ಷಿಸು
ಇಫ್ /ಐ "%~1"=="--ಮೂಲ" ಗೋಟು :ಮೂಲ_ಓದು
ಇಫ್ /ಐ "%~1"=="--ಗುರಿ" ಗೋಟು :ಗುರಿ_ಓದು
ಇಫ್ /ಐ "%~1"=="--ತಿಂಗಳು" ಗೋಟು :ತಿಂಗಳು_ಓದು
ಇಫ್ /ಐ "%~1"=="--ಅಳಿಸು" ಗೋಟು :ಅಳಿಸು_ಓದು
ಇಫ್ "%~1"=="/?" ಗೋಟು :ಸಹಾಯ
>&2 ಎಕೋ ಗೊತ್ತಿಲ್ಲದ ಪದ: "%~1"
ಎಕ್ಸಿಟ್ /ಬಿ 2
:ಮೂಲ_ಓದು
ಸೆಟ್ "ಆ_ಮೂಲ=%~2"
ಇಫ್ ನಾಟ್ ಡಿಫೈನ್ಡ್ ಆ_ಮೂಲ ಗೋಟು :ಮೌಲ್ಯವಿಲ್ಲ
ಇಫ್ "%ಆ_ಮೂಲ:~0,2%"=="--" ಗೋಟು :ಮೌಲ್ಯವಿಲ್ಲ
ಶಿಫ್ಟ್ /1
ಶಿಫ್ಟ್ /1
ಗೋಟು :ಓದು
:ಅಳಿಸು_ಓದು
ಸೆಟ್ "ಆ_ಅಳಿಸು=1"
ಶಿಫ್ಟ್ /1
ಗೋಟು :ಓದು

ಗುರಿ ಮತ್ತು ತಿಂಗಳ ಭಾಗಗಳು ಮೂಲದ ಭಾಗದ ಅಚ್ಚಿನಲ್ಲೇ ಬರುತ್ತವೆ. ಮೌಲ್ಯವಿಲ್ಲ ಎಂಬ ಗುರುತಿನ ಕೆಳಗೆ ಒಂದು ದೋಷಸೂಚನೆಯೂ ಎಕ್ಸಿಟ್ /ಬಿ 2 ಸಾಲೂ ಇದ್ದರೆ ಸಾಕು.

ಇದರಲ್ಲಿ ಕಣ್ಣಿಗೆ ಸಣ್ಣದಾಗಿ ಕಾಣುವ ಕೆಲವು ಗುರುತುಗಳ ಮೇಲೆ ಇಡೀ ಕೆಲಸ ನಿಂತಿದೆ. ಮುಗಿಯಿತೇ ಎಂದು ನೋಡುವ ಸಾಲಿನಲ್ಲಿ ಚೌಕ ಆವರಣ ಬಳಸಿದ್ದೇನೆ, ಡಬಲ್ ಕೋಟ್ ಅಲ್ಲ. ಕಾರಣ: ಸಹೋದ್ಯೋಗಿಯೊಬ್ಬರು ಮಧ್ಯದಲ್ಲಿ "" ಎಂದು ಖಾಲಿ ಮೌಲ್ಯ ಕೊಟ್ಟರೆ, "%~1" ಅನ್ನು ಖಾಲಿಯೊಂದಿಗೆ ಹೋಲಿಸುವ ಸ್ಕ್ರಿಪ್ಟ್ ಪದಗಳೆಲ್ಲ ಮುಗಿದವೆಂದು ಭಾವಿಸಿ ಉಳಿದ ಆಯ್ಕೆಗಳನ್ನು ಓದದೆಯೇ ಮುಂದಕ್ಕೆ ಹೋಗುತ್ತದೆ, ಚೌಕ ಆವರಣದಲ್ಲಿ ಕೋಟುಗಳ ಸಮೇತ ಹೋಲಿಸುವುದರಿಂದ ಖಾಲಿ ಮೌಲ್ಯ ಬೇರೆ, ಪದವೇ ಇಲ್ಲದಿರುವುದು ಬೇರೆ ಎಂದು ಗೊತ್ತಾಗುತ್ತದೆ. ಉಳಿದ ಕಡೆಗಳಲ್ಲಿರುವ ಟಿಲ್ಡ್ (~) ಗುರುತು ಬಳಕೆದಾರ ಹಾಕಿದ ಕೋಟುಗಳನ್ನು ಸುಲಿದು ಕೊಡುತ್ತದೆ. ಅದರ ಹೊರಗೆ ನಾವು ನಮ್ಮದೇ ಒಂದು ಜೋಡಿ ಕೋಟ್ ಹಾಕುತ್ತೇವೆ. ಅವರು ಹಾಕಲಿ, ಬಿಡಲಿ, ನಮ್ಮ ಸಾಲಿನಲ್ಲಿ ಸರಿಯಾಗಿ ಒಂದೇ ಜೋಡಿ ಇರುತ್ತದೆ. ಸೆಟ್ ಆದೇಶದಲ್ಲಿ ಕೋಟು ಹೆಸರಿಗೂ ಮುಂಚೆ ತೆರೆದು ಮೌಲ್ಯದ ನಂತರ ಮುಚ್ಚುವುದನ್ನು ಗಮನಿಸಿ: ಹೀಗೆ ಬರೆದಾಗ ಕೋಟುಗಳು ಮೌಲ್ಯದೊಳಗೆ ಸೇರುವುದಿಲ್ಲ, ಸಾಲಿನ ಕೊನೆಯಲ್ಲಿ ಅರಿವಿಲ್ಲದೆ ಉಳಿದ ಖಾಲಿ ಜಾಗವೂ ಸೇರುವುದಿಲ್ಲ.

ಶಿಫ್ಟ್ ಆದೇಶ %2 ಅನ್ನು %1 ಆಗಿ, %3 ಅನ್ನು %2 ಆಗಿ ಒಂದೊಂದು ಮನೆ ಮುಂದಕ್ಕೆ ತಳ್ಳುತ್ತದೆ. ಒಂಬತ್ತಕ್ಕಿಂತ ಹೆಚ್ಚು ಪದಗಳಿದ್ದರೆ ಅವನ್ನು ತಲುಪಲು ಇದೇ ದಾರಿ, ಏಕೆಂದರೆ %10 ಎಂದು ಬರೆದರೆ ಬ್ಯಾಚ್ ಅದನ್ನು %1 ಮತ್ತು ಅದರ ಪಕ್ಕದ ಸೊನ್ನೆ ಎಂದು ಓದುತ್ತದೆ. ಬರೀ ಶಿಫ್ಟ್ ಬರೆದರೆ, ಸ್ಕ್ರಿಪ್ಟಿನದೇ ಹೆಸರಿರುವ %0 ಕೂಡ ಸರಿಯುತ್ತದೆ. ಸ್ಕ್ರಿಪ್ಟಿರುವ ಫೋಲ್ಡರನ್ನು %0 ಮೂಲಕ ತಿಳಿದು ಅಲ್ಲೇ ದಾಖಲೆ ಕಡತ ಬರೆಯುವ ರೂಢಿ ಬಹಳ ಜನರಿಗಿದೆ. %0 ಸರಿದುಹೋಗಿದ್ದರೆ ದಾಖಲೆ ಬೇರೆ ಎಲ್ಲೋ ಹೋಗಿ ಬೀಳುತ್ತದೆ, ಯಾರಿಗೂ ಸಿಗುವುದಿಲ್ಲ. /1 ಎಂದು ಸೇರಿಸಿದರೆ ತಳ್ಳುವುದು %1ರಿಂದ ಶುರುವಾಗಿ %0 ಇದ್ದಲ್ಲೇ ಇರುತ್ತದೆ. %* ಮಾತ್ರ ಶಿಫ್ಟ್‌ಗೆ ಬಗ್ಗುವುದಿಲ್ಲ, ಕೊನೆಯವರೆಗೂ ಮೂಲ ಸಾಲನ್ನೇ ಹಿಡಿದಿರುತ್ತದೆ.

ಗೋಟುವನ್ನು ಏಕೆ ಆರಿಸಿದೆ ಎಂದು ಹೇಳುವುದಾಗಿ ಮಾತು ಕೊಟ್ಟಿದ್ದೆ. ಇಫ್‌ನ ಮುಂದೆ ದುಂಡು ಆವರಣ ತೆರೆದು ಹಲವು ಸಾಲುಗಳನ್ನು ಒಳಗಿಟ್ಟರೆ, ಬ್ಯಾಚ್ ಆ ಇಡೀ ಆವರಣವನ್ನು ಒಂದೇ ಸಾಲಿನಂತೆ ಓದಿ, ಒಳಗಿನ %1, %2 ಮತ್ತು ಶೇಕಡಾ ಚಿಹ್ನೆಯ ವೇರಿಯಬಲ್‌ಗಳನ್ನೆಲ್ಲ ಒಟ್ಟಿಗೆ ಅಂಟಿಸಿಬಿಡುತ್ತದೆ. ಆವರಣದೊಳಗೆ ಶಿಫ್ಟ್ ಮಾಡಿ ಮುಂದಿನ ಸಾಲಿನಲ್ಲಿ %1 ನೋಡಿದರೆ ಹಳೆಯ ಪದವೇ ಕಾಣುತ್ತದೆ. ಒಳಗೆ ಸೆಟ್ ಮಾಡಿದ ವೇರಿಯಬಲ್ ಅಲ್ಲೇ ಖಾಲಿಯಾಗಿ ಕಾಣುತ್ತದೆ. ‘ಒಂದು ಸಾಲು ಹಿಂದೆ ತಾನೇ ಹಾಕಿದೆ, ಎಲ್ಲಿ ಹೋಯಿತು’ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಬಹುತೇಕ ಈ ಆವರಣದೊಳಗೇ ಸಿಕ್ಕಿಕೊಂಡಿರುತ್ತಾರೆ. ಇನ್ನೂ ಒಂದು ಅಪಾಯ: 64 ಬಿಟ್ ವಿಂಡೋಸಿನಲ್ಲಿ ಹಳೆಯ 32 ಬಿಟ್ ತಂತ್ರಾಂಶಗಳನ್ನಿಡುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಹೆಸರಿನಲ್ಲೇ ದುಂಡು ಆವರಣವಿದೆ, ಕೋಟಿಲ್ಲದೆ ಅದು ಒಳಬಂದರೆ ಹೆಸರಿನ ಮುಚ್ಚುವ ಆವರಣ ನಿಮ್ಮ ಇಫ್‌ನ ಆವರಣವನ್ನು ಮುಚ್ಚಿಬಿಡುತ್ತದೆ. ಗೋಟು ಬಳಸಿದಾಗ ಪ್ರತಿ ಸಾಲೂ ತನ್ನ ಸರದಿ ಬಂದಾಗಲೇ ಹೊಸದಾಗಿ ಓದಲ್ಪಡುವುದರಿಂದ ಈ ಕಷ್ಟಗಳು ಹುಟ್ಟುವುದೇ ಇಲ್ಲ.

ಗೊತ್ತಿಲ್ಲದ ಪದ ಬಂದರೆ ಕೂಡಲೇ ನಿಲ್ಲಿಸುವ ಆ ಎರಡು ಸಾಲುಗಳನ್ನು ದಯವಿಟ್ಟು ತೆಗೆಯಬೇಡಿ. ‘ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಲಿ’ ಎನ್ನುವ ಉದಾರತೆ ಬ್ಯಾಕಪ್ ಸ್ಕ್ರಿಪ್ಟಿಗೆ ಸಲ್ಲದು. ಯಾರೋ --ಮೂಲ ಡಿ:\ಹಳೆ ಲೆಕ್ಕ ಎಂದು ಕೋಟಿಲ್ಲದೆ ಟೈಪ್ ಮಾಡಿದರೆ, ಡಿ:\ಹಳೆ ಎನ್ನುವುದು ಮೂಲವಾಗಿ, ‘ಲೆಕ್ಕ’ ಎಂಬುದು ಅನಾಥ ಪದವಾಗಿ ಉಳಿಯುತ್ತದೆ. ಆ ಅನಾಥ ಪದವನ್ನು ಹಿಡಿದು ನಿಲ್ಲಿಸಿದರೆ ತಪ್ಪು ಅಲ್ಲೇ ಬಯಲಾಗುತ್ತದೆ. ಬಿಟ್ಟರೆ ಇಲ್ಲದ ಅಥವಾ ಬೇರೆಯದೇ ಫೋಲ್ಡರಿನಿಂದ ನಕಲು ನಡೆಯುತ್ತದೆ. ಮೌಲ್ಯ ಎರಡು ಅಡ್ಡಗೆರೆಯಿಂದ ಶುರುವಾದರೆ ತಿರಸ್ಕರಿಸುವುದೂ ಇದೇ ಕಾರಣಕ್ಕೆ: --ತಿಂಗಳು --ಅಳಿಸು ಎಂದು ಮೌಲ್ಯ ಮರೆತು ಕೊಟ್ಟಾಗ ಮುಂದಿನ ಆಯ್ಕೆಯನ್ನೇ ತಿಂಗಳೆಂದು ನುಂಗಬಾರದು. ಹಾಗೆ ಶುರುವಾಗುವ ಹೆಸರಿನ ಫೋಲ್ಡರ್ ನಿಜವಾಗಿ ಇದ್ದರೆ ಅದನ್ನು ಕೊಡಲಾಗದು ಎಂಬ ನಷ್ಟವಿದೆ, ಅದನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ. ಡಿಫೈನ್ಡ್ ಎಂದು ನೋಡುವ ಸಾಲು ಅಡ್ಡಗೆರೆ ನೋಡುವ ಸಾಲಿಗಿಂತ ಮೊದಲೇ ಇರಬೇಕು, ಏಕೆಂದರೆ ಖಾಲಿ ವೇರಿಯಬಲ್ಲಿನಿಂದ ಮೊದಲೆರಡು ಅಕ್ಷರ ಕೇಳಿದರೆ ಬ್ಯಾಚ್ ಖಾಲಿ ಕೊಡುವುದಿಲ್ಲ, ~0,2 ಎಂಬ ಗುರುತುಗಳನ್ನೇ ಪಠ್ಯವಾಗಿ ಕೊಡುತ್ತದೆ.

ಓದುವುದೆಲ್ಲ ಮುಗಿದ ಮೇಲೆ, ಪರೀಕ್ಷಿಸು ಎಂಬ ಗುರುತಿನ ಕೆಳಗೆ, ಸೆಟ್‌ಲೋಕಲ್ ಎನೇಬಲ್‌ಡಿಲೇಡ್‌ಎಕ್ಸ್‌ಪಾನ್ಷನ್ ಎಂದು ಇನ್ನೊಮ್ಮೆ ಬರೆಯಿರಿ. ಅಲ್ಲಿಂದ ಮುಂದೆ ಶೇಕಡಾ ಚಿಹ್ನೆಯ ಬದಲು ಆಶ್ಚರ್ಯ ಚಿಹ್ನೆಯ ನಡುವೆ, !ಆ_ಮೂಲ! ಎಂದು ಬಳಸಬಹುದು. ಹೀಗೆ ಬರೆದಾಗ ಸಾಲಿನ ಅರ್ಥ ತೀರ್ಮಾನವಾದ ಮೇಲೆಯೇ ಮೌಲ್ಯ ಒಳಬರುವುದರಿಂದ, ಅದರಲ್ಲಿರುವ & ಮತ್ತೆ ಆದೇಶ ವಿಭಜಕವಾಗುವುದಿಲ್ಲ; ನಿಮ್ಮ ಎಕೋ ಸಾಲು ಕೋಟಿಲ್ಲದೆಯೂ ಸರಿಯಾಗಿ ಅಚ್ಚಾಗುತ್ತದೆ. ಹಾಗಿದ್ದರೆ ಇದನ್ನು ಫೈಲಿನ ಮೊದಲ ಸಾಲಿನಲ್ಲೇ ಏಕೆ ಬರೆಯಬಾರದು? ಈ ಸೌಲಭ್ಯ ಚಾಲೂ ಇರುವಾಗ %1 ಅಂಟಿಸಿದರೆ, ಹೆಸರಿನೊಳಗಿನ ಆಶ್ಚರ್ಯ ಚಿಹ್ನೆಗಳು ಕಳೆದುಹೋಗುತ್ತವೆ. ಆದ್ದರಿಂದ ಓದುವಾಗ ಆರಿಸಿ, ಬಳಸುವಾಗ ಹೊತ್ತಿಸಿ. ಮೌಲ್ಯವನ್ನು %2ರಿಂದ ಒಂದೇ ಒಂದು ಸಲ, ಕೋಟಿನೊಳಗೆ, ವೇರಿಯಬಲ್ಲಿಗೆ ತೆಗೆದುಕೊಂಡು, ಆಮೇಲೆ ಎಲ್ಲೂ %1, %2 ಮುಟ್ಟದಿರುವುದು ನಾನು ಕಟ್ಟುನಿಟ್ಟಾಗಿ ಪಾಲಿಸುವ ಶಿಸ್ತು.

ಆಗಸ್ಟ್ ತಿಂಗಳ ವಿಷಯ. ಸೆಟ್ /ಎ ಲೆಕ್ಕ ಮಾಡುವಾಗ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಅಷ್ಟಮಾನದ್ದೆಂದು ತಿಳಿಯುತ್ತದೆ. ಅಷ್ಟಮಾನದಲ್ಲಿ ಇರುವ ಅಂಕಿಗಳು 0ರಿಂದ 7ರವರೆಗೆ ಮಾತ್ರ. ಹೀಗಾಗಿ ಆರ್ಥಿಕ ವರ್ಷ ಆರಂಭವಾಗುವ ಏಪ್ರಿಲ್‌ನ 04ರಿಂದ ಜುಲೈನ 07ರವರೆಗೆ ಎಲ್ಲವೂ ನೆಟ್ಟಗೆ ನಡೆದು, 08 ಮತ್ತು 09ರಲ್ಲಿ ಸಂಖ್ಯೆ ಸರಿಯಿಲ್ಲವೆಂಬ ದೋಷ ಬಂದು, ಅಕ್ಟೋಬರಿನ 10ರಲ್ಲಿ ಯಾರೂ ಏನೂ ಮಾಡದೆ ತಾನಾಗಿ ಸರಿಹೋಗುತ್ತದೆ. ಈ ತಾನಾಗಿ ಸರಿಹೋಗುವ ಗುಣದಿಂದಲೇ ಈ ದೋಷ ಕಚೇರಿಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ: ಜಿಎಸ್‌ಟಿ ಗಡುವಿನ ಒತ್ತಡದಲ್ಲಿ ಕೈಯಿಂದಲೇ ನಕಲು ಮಾಡಿ ಎರಡು ತಿಂಗಳು ದಾಟಿಸುತ್ತಾರೆ, ಆಮೇಲೆ ಮರೆಯುತ್ತಾರೆ. ಪರಿಹಾರ ಎರಡು ಹಂತದ್ದು. ಮೊದಲು, ಬಂದ ಮೌಲ್ಯವನ್ನು 01ರಿಂದ 12ರವರೆಗಿನ ಹನ್ನೆರಡು ಎರಡಂಕಿ ಪದಗಳೊಂದಿಗೆ ಪಠ್ಯವಾಗಿಯೇ ಹೋಲಿಸಿ, ಯಾವುದಕ್ಕೂ ಹೊಂದದಿದ್ದರೆ ನಿಲ್ಲಿಸಿ. ಬರೀ 8 ಎಂದು ಕೊಟ್ಟರೂ ಒಪ್ಪಬೇಡಿ, ನಿಯಮ ಒಂದೇ ಇರಲಿ. ಇಲ್ಲಿ ಫಾರ್ ಲೂಪ್ ಬಳಸಬಹುದು, ಪಟ್ಟಿ ನಿಮ್ಮದೇ ಆಗಿದ್ದು ಅದರಲ್ಲಿ * ಅಥವಾ ? ಇಲ್ಲ. ಎರಡನೆಯದಾಗಿ, ಹಿಂದಿನ ತಿಂಗಳನ್ನು ಕಂಡುಹಿಡಿಯಲು ಲೆಕ್ಕ ಬೇಕೇ ಬೇಕೆಂದರೆ, ಮೌಲ್ಯದ ಮುಂದೆ 1 ಅಂಟಿಸಿ 100 ಕಳೆಯಿರಿ: 08 ಎನ್ನುವುದು 108 ಆಗಿ, 100 ಕಳೆದಾಗ 8 ಉಳಿಯುತ್ತದೆ. ಎರಡಂಕಿಯೇ ಇರಬೇಕೆಂದು ಮೊದಲು ಹಟ ಹಿಡಿದದ್ದು ಇದಕ್ಕೇ. ಒಂದಂಕಿಯ 8 ಬಂದರೆ 18ರಿಂದ 100 ಕಳೆದು ಋಣ 82 ಬರುತ್ತದೆ.

ಮೂಲ ಮತ್ತು ಗುರಿ ಎರಡೂ ಬಂದಿವೆಯೇ, ಮೂಲದ ಫೋಲ್ಡರ್ ನಿಜವಾಗಿ ಇದೆಯೇ, ಎರಡೂ ಒಂದೇ ಅಲ್ಲವಷ್ಟೇ ಎಂದು ನಕಲಿಗೆ ಮುನ್ನ ನೋಡಿಕೊಳ್ಳುವುದನ್ನು ನಿಮಗೆ ಬಿಡುತ್ತೇನೆ. ಆದರೆ ವಿಳಾಸದ ಕೊನೆಯ ಹಿಂಬದಿ ಓರೆಗೆರೆಯ ಬಗ್ಗೆ ಎಚ್ಚರಿಸಲೇಬೇಕು. ಸಹೋದ್ಯೋಗಿ "ಇ:\ಬ್ಯಾಕಪ್\" ಎಂದು ಕೊಟ್ಟರೆ ಬ್ಯಾಚಿಗೆ ಅದರಲ್ಲಿ ತೊಂದರೆ ಕಾಣುವುದಿಲ್ಲ. ನೀವು ಅದನ್ನು ಹಾಗೆಯೇ ಕೋಟಿನಲ್ಲಿಟ್ಟು ರೋಬೊಕಾಪಿಗೆ ದಾಟಿಸಿದಾಗ, ಅದು ಹಿಂಬದಿ ಓರೆಗೆರೆಯನ್ನೂ ಅದಕ್ಕಂಟಿದ ಕೋಟನ್ನೂ ಒಟ್ಟಿಗೆ ಸೇರಿಸಿ ‘ಇದು ಹೆಸರಿನೊಳಗಿನ ಕೋಟು, ಮುಚ್ಚುವ ಕೋಟಲ್ಲ’ ಎಂದು ಓದುತ್ತದೆ. ಅಲ್ಲಿಂದ ಮುಂದಿನ ಆಯ್ಕೆಗಳೆಲ್ಲ ಗುರಿಯ ಹೆಸರಿನೊಳಗೆ ಸೇರಿಹೋಗುತ್ತವೆ. ಕೊನೆಯ ಓರೆಗೆರೆಯನ್ನು ಕತ್ತರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ಇ:\ ಎಂಬುದನ್ನು ಕತ್ತರಿಸಿದರೆ ಉಳಿಯುವ ಇ: ಎಂಬುದಕ್ಕೆ ‘ಆ ಡ್ರೈವಿನಲ್ಲಿ ಈಗಿರುವ ಫೋಲ್ಡರ್’ ಎಂಬ ಬೇರೆ ಅರ್ಥವಿದೆ. ಅದರ ಬದಲು ಕೊನೆಯಲ್ಲಿ ಓರೆಗೆರೆ ಇದ್ದರೆ ಒಂದು ಚುಕ್ಕಿ ಸೇರಿಸಿ. ಇ:\. ಎಂದರೂ ಅದೇ ಫೋಲ್ಡರ್, ಕೋಟಿಗೂ ಧಕ್ಕೆಯಿಲ್ಲ.

ನಿಮ್ಮಲ್ಲಿ ಕನ್ನಡ ಹೆಸರಿನ ಫೋಲ್ಡರುಗಳೂ ಇರಬಹುದು. ಕಮಾಂಡ್ ಪ್ರಾಂಪ್ಟ್ ಒಳಗೆ ಯೂನಿಕೋಡನ್ನೇ ಬಳಸುವುದರಿಂದ, ಆಯ್ಕೆಯ ಮೌಲ್ಯವಾಗಿ ಬಂದ ಕನ್ನಡ ಹೆಸರು ಕೆಡುವುದಿಲ್ಲ. ಕಿಟಕಿಯಲ್ಲಿ ಚೌಕಗಳಾಗಿ ಕಂಡರೆ ಅದು ಫಾಂಟಿನ ಕೊರತೆ, ಮೌಲ್ಯ ಸರಿಯಾಗಿಯೇ ಇದ್ದು ನಕಲೂ ಆಗುತ್ತದೆ. ಆದರೆ ಬ್ಯಾಚ್ ಫೈಲಿನೊಳಗೇ ಕನ್ನಡದಲ್ಲಿ ಬರೆದ ಸೂಚನೆಗಳನ್ನು ಅದು ಆಗ ಚಾಲೂ ಇರುವ ಕೋಡ್ ಪೇಜಿನಂತೆ (ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಪಟ್ಟಿಯಂತೆ) ಓದುತ್ತದೆ, ದಾಖಲೆ ಕಡತಕ್ಕೆ ಎಕೋ ಬರೆಯುವುದೂ ಅದರಂತೆಯೇ. ಕನ್ನಡ ಅಕ್ಷರಗಳ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬೀಳುವುದು ಅದಕ್ಕೆ. ಮೇಲಿನ ಸಾಲುಗಳಲ್ಲೇ ಸಿಎಚ್‌ಸಿಪಿ 65001 ಎಂದು ಬರೆದು ಕೋಡ್ ಪೇಜನ್ನು ಯೂನಿಕೋಡಿನ ಯುಟಿಎಫ್ 8 ರೂಪಕ್ಕೆ ಬದಲಿಸಿ, ಫೈಲನ್ನೂ ಯುಟಿಎಫ್ 8 ಆಗಿ, ಬಿಓಎಂ ಎಂಬ ಆರಂಭದ ಕಾಣದ ಗುರುತಿಲ್ಲದೆ ಉಳಿಸಿ. ಆ ಗುರುತಿದ್ದರೆ ಮೊದಲ ಸಾಲು ಗುರುತಿಸಲಾಗದ ಆದೇಶವಾಗುತ್ತದೆ.

ಬೇರೊಂದು ಬ್ಯಾಚ್ ಫೈಲಿನಿಂದ ಇದನ್ನು ಕರೆಯುವುದಿದ್ದರೆ ಕಾಲ್ ಆದೇಶ ಬಳಸಲೇಬೇಕು, ಇಲ್ಲದಿದ್ದರೆ ಇದು ಮುಗಿದ ಮೇಲೆ ಕರೆದ ಫೈಲಿಗೆ ಹಿಂತಿರುಗುವುದಿಲ್ಲ. ‘18% ಬಿಲ್ಲುಗಳು’ ಎಂಬಂಥ ಫೋಲ್ಡರ್ ಹೆಸರಿದ್ದರೆ, ಬ್ಯಾಚ್ ಫೈಲಿನೊಳಗೆ ಶೇಕಡಾ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಕಾಲ್ ಆ ಸಾಲನ್ನು ಇನ್ನೊಮ್ಮೆ ಓದುವುದರಿಂದ ಅಲ್ಲಿ ನಾಲ್ಕು ಸಲ. ಕಾಲ್‌ನೊಂದಿಗೆ /? ಕೊಟ್ಟರೆ ನಿಮ್ಮ ಸಹಾಯವಲ್ಲ, ಕಾಲ್ ಆದೇಶದ್ದೇ ಸಹಾಯ ಅಚ್ಚಾಗುತ್ತದೆ. ಆದ್ದರಿಂದ --ಸಹಾಯ ಎಂಬ ಇನ್ನೊಂದು ಹೆಸರನ್ನೂ ಇಟ್ಟುಕೊಳ್ಳಿ.

ಕೆಲಸ ಆಯಿತೇ ಇಲ್ಲವೇ ಎಂದು ತಿಳಿಸಲು ಆದೇಶ ಮುಗಿಯುವಾಗ ಕೊಡುವ ಸಂಖ್ಯೆಯ ವಿಷಯ ಚಿಕ್ಕದು. ದೋಷವಿದ್ದಾಗ ಎಕ್ಸಿಟ್ /ಬಿ ಬಳಸಿ; /ಬಿ ಇಲ್ಲದ ಎಕ್ಸಿಟ್ ಬಳಕೆದಾರರ ಕಿಟಕಿಯನ್ನೇ ಮುಚ್ಚುತ್ತದೆ, ಸೂಚನೆ ಓದಲೂ ಸಿಗುವುದಿಲ್ಲ. ರೋಬೊಕಾಪಿ ಯಶಸ್ವಿಯಾಗಿ ನಕಲು ಮಾಡಿದಾಗ ಸೊನ್ನೆಯ ಬದಲು 1 ಕೊಡುತ್ತದೆ. 8 ಮತ್ತು ಅದಕ್ಕೂ ಮೇಲಿನವು ಮಾತ್ರ ವಿಫಲತೆ. ನಿಮ್ಮ ಸ್ಕ್ರಿಪ್ಟ್ 8ಕ್ಕಿಂತ ಕಡಿಮೆಯಿದ್ದರೆ 0 ಎಂದು, ಇಲ್ಲದಿದ್ದರೆ 1 ಎಂದು ತಿರುಗಿಸಿ ಕೊಡಲಿ.

ಪರೀಕ್ಷಿಸುವಾಗ ರೋಬೊಕಾಪಿಗೆ /ಎಲ್ ಸೇರಿಸಿ. ಏನು ನಕಲಾಗುತ್ತಿತ್ತು, ಏನು ಅಳಿಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ, ಒಂದು ಕಡತವನ್ನೂ ಮುಟ್ಟುವುದಿಲ್ಲ. ಇದನ್ನೇ --ತೋರಿಸು ಎಂಬ ಶಾಶ್ವತ ಆಯ್ಕೆಯಾಗಿ ಇಡುವುದು ಇನ್ನೂ ಒಳ್ಳೆಯದು. ಆಮೇಲೆ ಒಂದು ತಾತ್ಕಾಲಿಕ ಜಾಗದಲ್ಲಿ ಹೆಸರಿನಲ್ಲಿ ಖಾಲಿ ಜಾಗ, &, ಅಲ್ಪವಿರಾಮ, ದುಂಡು ಆವರಣ, ಆಶ್ಚರ್ಯ ಚಿಹ್ನೆ, ಶೇಕಡಾ ಚಿಹ್ನೆ ಮತ್ತು ಕನ್ನಡ ಅಕ್ಷರಗಳಿರುವ ಫೋಲ್ಡರುಗಳನ್ನು ಒಂದೊಂದಾಗಿ ಮಾಡಿ, ಆಯ್ಕೆಗಳ ಕ್ರಮವನ್ನು ಬದಲಿಸುತ್ತ, ಮಧ್ಯೆ ಮೌಲ್ಯವನ್ನು ಬೇಕೆಂದೇ ಬಿಡುತ್ತ, ಪ್ರತಿ ಸಲವೂ ಓದಿಕೊಂಡ ಮೌಲ್ಯಗಳನ್ನು ಅಚ್ಚು ಮಾಡಿಸಿ ನೋಡಿ. ಒಂದು ಸಂಜೆಯ ಕೆಲಸ. ಅದನ್ನು ಮಾಡದೆ --ಅಳಿಸು ಆಯ್ಕೆಯನ್ನು ನಿಜವಾದ ಡಿಸ್ಕಿನ ಮೇಲೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆಯ್ಕೆಗಳು ಏಳೆಂಟಕ್ಕಿಂತ ಹೆಚ್ಚಾದರೆ ವಿಂಡೋಸಿನ ಹೊಸ ಆದೇಶ ಭಾಷೆಯಾದ ಪವರ್‌ಶೆಲ್ಲಿಗೆ ಹೋಗುವುದು ಮೇಲು. 2009ರ ವಿಂಡೋಸ್ 7ರಿಂದಲೂ ಅದು ವಿಂಡೋಸಿನೊಂದಿಗೇ ಬರುತ್ತಿದೆ. ಅಲ್ಲಿ ಆಯ್ಕೆಗಳ ಹೆಸರು, ಕಡ್ಡಾಯವೇ ಅಲ್ಲವೇ, ಯಾವ ಮೌಲ್ಯಗಳು ಸಲ್ಲುತ್ತವೆ ಎಂದು ಆರಂಭದಲ್ಲಿ ಘೋಷಿಸಿದರೆ ಓದುವ ಕೆಲಸವನ್ನು ಅದೇ ಮಾಡುತ್ತದೆ. ಆದರೆ ಸಾಮಾನ್ಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಪವರ್‌ಶೆಲ್ ಸ್ಕ್ರಿಪ್ಟುಗಳನ್ನು ಓಡಿಸಲು ಮೊದಲು ಅನುಮತಿಯ ನೀತಿಯನ್ನು ಬದಲಿಸಬೇಕಾಗುತ್ತದೆ, ಕಚೇರಿಯ ಪ್ರತಿ ಯಂತ್ರದಲ್ಲೂ ಅದನ್ನು ಮಾಡಲು ಎಲ್ಲರಿಗೂ ಸಾಧ್ಯವಿಲ್ಲ. ನಾಲ್ಕು ಆಯ್ಕೆಗಳ ನಿಮ್ಮ ಕೆಲಸಕ್ಕೆ ಬ್ಯಾಚ್ ಸಾಕು. ಒಂದು ವಿಷಯ ಮಾತ್ರ ನೆನಪಿಡಿ: ಪವರ್‌ಶೆಲ್ ಕಿಟಕಿಯಿಂದ ಈ ಬ್ಯಾಚ್ ಫೈಲನ್ನು ಕರೆದಾಗ, ಹೆಸರಿನಲ್ಲಿ ಖಾಲಿ ಜಾಗವಿಲ್ಲದಿದ್ದರೆ ಪವರ್‌ಶೆಲ್ ನೀವು ಹಾಕಿದ ಕೋಟುಗಳನ್ನು ತೆಗೆದುಹಾಕಿ ದಾಟಿಸುತ್ತದೆ, ಮತ್ತು ಹೆಸರಿನೊಳಗಿನ & ಮತ್ತೆ ಬಯಲಿಗೆ ಬರುತ್ತದೆ. ಆದ್ದರಿಂದ ಸಹೋದ್ಯೋಗಿಗಳ ಡೆಸ್ಕ್‌ಟಾಪಿನಲ್ಲಿ ಇಡುವ ಶಾರ್ಟ್‌ಕಟ್ ಕಮಾಂಡ್ ಪ್ರಾಂಪ್ಟನ್ನೇ ತೆರೆಯುವಂತಿರಲಿ. ಇಷ್ಟಾದ ಮೇಲೂ ಯಾವುದಾದರೂ ಹೆಸರು ಒಡೆದರೆ, ಟೈಪ್ ಮಾಡಿದ ಇಡೀ ಸಾಲನ್ನು ಕೋಟುಗಳ ಸಮೇತ, ಬಂದ ದೋಷಸೂಚನೆಯೊಂದಿಗೆ ಬರೆದು ಕಳುಹಿಸಿ.